ಸುರಂಗದ ಬಾಗಿಲಲ್ಲಿ ನಲವತ್ತು ನಿಮಿಷ

ರಾತ್ರಿ 10:50ಕ್ಕೆ ಫೋನ್ ಬಂತು. ಪ್ರವಾಸದ ಪ್ಲಾನ್ ಮಾಡಿಕೊಡುವುದು ನನ್ನ ಕೆಲಸ. ಮೈಸೂರಿನ ಒಂದು ಕುಟುಂಬವನ್ನು ಅಲಾಸ್ಕಾ ಕ್ರೂಸ್‌ಗೆ ಕಳಿಸಿದ್ದೆ. ಅಪ್ಪ, ಅಮ್ಮ, ಅಜ್ಜಿ, ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿರುವ ಮಗ, ಸೊಸೆ. ಫೋನ್ ಮಾಡಿದ್ದು ಮಗ.

"ಸಾರ್, ಸುರಂಗ ಒಂಬತ್ತೂವರೆಗೆ ಅಂತ ಬರೆದಿದ್ದೀರಿ. ಇಲ್ಲಿ ಗೇಟ್ ಹಾಕಿದೆ. ಹತ್ತು ಗಂಟೆಗೆ ತೆಗೀತಾರಂತೆ."

ಅಲ್ಲಿ ಆಗ ಬೆಳಿಗ್ಗೆ 9:20. ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನಾನು ಲ್ಯಾಪ್‌ಟಾಪ್ ತೆಗೆದು ನೋಡಿದೆ. ತಪ್ಪು ನನ್ನದೇ.

ಹಿನ್ನೆಲೆ ಹೇಳಿಬಿಡುತ್ತೇನೆ. ಅಲಾಸ್ಕಾದ ಒನ್‌ವೇ ಕ್ರೂಸ್‌ಗಳ ಬ್ರೋಷರ್‌ನಲ್ಲಿ ಕೊನೆಯ ಊರು ಆಂಕರೇಜ್ ಅಂತ ಇರುತ್ತದೆ. ಆದರೆ ಹಡಗು ನಿಲ್ಲುವುದು ಸಾಮಾನ್ಯವಾಗಿ ಸೆವರ್ಡ್‌ನಲ್ಲಿ, ಇಲ್ಲವೇ ವಿಟ್ಟಿಯರ್‌ನಲ್ಲಿ. ಸೆವರ್ಡ್‌ನಿಂದ ಆಂಕರೇಜ್‌ಗೆ 127 ಮೈಲಿ, ಅಂದರೆ ಸುಮಾರು 204 ಕಿಲೋಮೀಟರ್. ವಿಟ್ಟಿಯರ್‌ನಿಂದ ಅದರ ಅರ್ಧಕ್ಕಿಂತ ಕಡಿಮೆ. ಹತ್ತಿರ ಅಂತ ಜನ ಖುಷಿಪಡುತ್ತಾರೆ. ಆದರೆ ವಿಟ್ಟಿಯರ್‌ನಿಂದ ಕಾರಲ್ಲಿ ಆಚೆ ಬರಲು ಇರುವುದು ಒಂದೇ ದಾರಿ. ಬೆಟ್ಟದೊಳಗಿನ ಸುರಂಗ. ಉದ್ದ ಎರಡೂವರೆ ಮೈಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲಿಗೆಂದು ಕೊರೆದದ್ದು. 2000ನೇ ಇಸವಿಯಲ್ಲಿ ಕಾರುಗಳಿಗೂ ಬಿಟ್ಟರು. ಒಂದೇ ಲೇನ್. ಅದರಲ್ಲೇ ರೈಲು, ಅದರಲ್ಲೇ ಬಸ್ಸು, ಅದರಲ್ಲೇ ನಾವು. ಹಳಿಯ ಮೇಲೇ ಕಾರು ಓಡಿಸಬೇಕು. ಹಾಗಾಗಿ ಸರದಿ. ವಿಟ್ಟಿಯರ್‌ಗೆ ಹೋಗುವವರಿಗೆ ಗಂಟೆಗೊಮ್ಮೆ, ಅರ್ಧಕ್ಕೆ ಸರಿಯಾಗಿ, ಅಂದರೆ ಎಂಟೂವರೆ, ಒಂಬತ್ತೂವರೆ. ವಿಟ್ಟಿಯರ್‌ನಿಂದ ಬರುವವರಿಗೆ ಸರಿಯಾಗಿ ಒಂಬತ್ತು, ಹತ್ತು, ಹನ್ನೊಂದು. ಬಾಗಿಲು ತೆರೆದಿರುವುದು ಕಾಲು ಗಂಟೆ.

ನಾನು ಹೋಗುವವರ ಸಾಲನ್ನು ನೋಡಿ ಬರುವವರಿಗೆ ಬರೆದಿದ್ದೆ. ಆಗ ನಾನು ಅಲಾಸ್ಕಾವನ್ನೇ ನೋಡಿರಲಿಲ್ಲ. ಅದಾದ ಮೇಲೂ ನೋಡಿದ್ದು ಒಂದೇ ಸಲ.

ನಲವತ್ತು ನಿಮಿಷ ಕಾಯುವುದು ದೊಡ್ಡ ವಿಷಯ ಅಲ್ಲ, ಅಲ್ವಾ? ಅವರ ವಿಮಾನ ಮಧ್ಯಾಹ್ನ 2:10ಕ್ಕೆ. ನಾನು ಅದನ್ನೇ ಹೇಳಿದೆ. "ಟೈಮ್ ಇದೆ, ಗಾಬರಿ ಬೇಡ" ಅಂದೆ. ಆದರೆ ಗಾಬರಿ ಬೇಡ ಅಂದ ಕೂಡಲೇ ಯಾರ ಗಾಬರಿಯೂ ಹೋಗಿದ್ದು ನಾನು ನೋಡಿಲ್ಲ. ಹೊರಗೆ ಮಳೆ. ವಿಟ್ಟಿಯರ್‌ನ ಮಳೆ ಆಗುಂಬೆಯವರಿಗೂ ಸಾಕು ಅನಿಸುವಂಥದ್ದು. ಡಿಕ್ಕಿ ತುಂಬಿ ಉಳಿದ ಸೂಟ್‌ಕೇಸ್ ಒಂದು ಅಜ್ಜಿಯ ಕಾಲ ಬಳಿ. ಎಲ್ಲರ ಜರ್ಕಿನ್ ಆ ಸೂಟ್‌ಕೇಸ್‌ಗಳ ಒಳಗೆ. ಹಿಂದಿನ ರಾತ್ರಿ ಕ್ಯಾಬಿನ್ ಹೊರಗೆ ಇಡುವ ಸಾಮಾನಿನ ಜೊತೆ ಅದನ್ನೂ ತುಂಬಿಬಿಟ್ಟಿದ್ದರು. ಅದನ್ನೂ ನಾನು ಹೇಳಿರಲಿಲ್ಲ.

ಹತ್ತಕ್ಕೆ ಗೇಟ್ ತೆಗೆದರು. ಮಗ ಸುರಂಗ ದಾಟಿದವನು ಎಲ್ಲೂ ನಿಲ್ಲಿಸಲಿಲ್ಲ. ಪೋರ್ಟೇಜ್ ಬಳಿಯ ವನ್ಯಜೀವಿ ಕೇಂದ್ರಕ್ಕೆ ಟಿಕೆಟ್ ಮಾಡಿಸಿದ್ದೆ. ಹೋಗಲಿಲ್ಲ. ನಿಂತು ಕಡಲು ನೋಡುವ ಜಾಗ ಬೆಲುಗಾ ಪಾಯಿಂಟ್, ಅದೂ ಕಿಟಕಿಯಲ್ಲೇ ಹಿಂದೆ ಹೋಯಿತು. ಅಜ್ಜಿ "ಒಂಚೂರು ನಿಲ್ಸೋ" ಅಂದರಂತೆ. "ಆಮೇಲೆ ಅಜ್ಜಿ" ಅಂದನಂತೆ. 11:50ಕ್ಕೆ ವಿಮಾನ ನಿಲ್ದಾಣ ತಲುಪಿದರು. ಗೇಟಿನ ಮುಂದೆ ಎರಡು ಗಂಟೆ ಸುಮ್ನೆ ಕೂತಿದ್ದರು.

ನನ್ನನ್ನು ಹೆಚ್ಚು ಚುಚ್ಚಿದ್ದು ಆ ಎರಡು ಗಂಟೆ. ಸುರಂಗದ ಸಮಯ ತಪ್ಪು ಬರೆದದ್ದು ಕಣ್ತಪ್ಪು, ತಿದ್ದಿಕೊಂಡರೆ ಆಯಿತು. ಸಮಯ ಕೈಯಲ್ಲಿದ್ದೂ ಅವರು ನಿಲ್ಲಲಿಲ್ಲವಲ್ಲ, ಅದು ಯಾಕೆ? ನನ್ನ ಹಾಳೆಯಲ್ಲಿ ಪ್ರತಿ ಜಾಗಕ್ಕೂ ತಲುಪುವ ಸಮಯ ಮಾತ್ರ ಇತ್ತು. 10:05 ವನ್ಯಜೀವಿ ಕೇಂದ್ರ, 11:35 ಬೆಲುಗಾ ಪಾಯಿಂಟ್, ಹೀಗೆ. ಮೊದಲನೆಯದು ತಪ್ಪಿದ ಕೂಡಲೇ ಕೆಳಗಿನದೆಲ್ಲ ತಪ್ಪಿದ ಹಾಗೆ ಕಂಡಿತು ಹುಡುಗನಿಗೆ. ಬೆಲುಗಾ ಪಾಯಿಂಟ್‌ನಿಂದ 11:45ಕ್ಕೆ ಹೊರಟರೂ ವಿಮಾನ ಆರಾಮಾಗಿ ಸಿಗುತ್ತದೆ ಅನ್ನುವ ಒಂದು ಸಾಲು ಇದ್ದಿದ್ದರೆ ಅಜ್ಜಿಗೆ ಕಡಲು ಸಿಗುತ್ತಿತ್ತು.

ಈಗ ನನ್ನ ಹಾಳೆ ತಲೆಕೆಳಗು. ವಿಮಾನದ ಸಮಯದಿಂದ ಶುರು ಮಾಡಿ ಹಿಂದಕ್ಕೆ ಬರುತ್ತೇನೆ. ಕಾರು ವಾಪಸ್ ಕೊಡುವುದು, ಪೆಟ್ರೋಲ್ ತುಂಬಿಸುವುದು, ಆಮೇಲೆ ಒಂದೊಂದು ಜಾಗದಿಂದ ಹೊರಡಬೇಕಾದ ಕೊನೆಯ ಸಮಯ. ತಲುಪುವ ಸಮಯ ಬರೆಯುವುದೇ ಇಲ್ಲ. ತಡವಾದರೆ ಮೊದಲು ಯಾವ ಜಾಗ ಬಿಡಬೇಕು ಅಂತಲೂ ಗುರುತು ಹಾಕುತ್ತೇನೆ. ಮೊದಲು ಬಿಡುವುದು ಯಾವಾಗಲೂ ಟಿಕೆಟ್ ಇರುವ ಜಾಗ. ದುಡ್ಡು ಕೊಟ್ಟಿದ್ದೇವೆ ಅಂತ ಜನ ಒಪ್ಪುವುದಿಲ್ಲ, ಜಗಳ ಆಡುತ್ತಾರೆ. ಆದರೆ ಆ ದಾರಿಯಲ್ಲಿ ಚೆನ್ನಾಗಿರುವುದೆಲ್ಲ ಪುಕ್ಕಟೆ.

ನಿಜವಾಗಿ ಹೇಳುತ್ತೇನೆ. ಪೋರ್ಟೇಜ್ ದಾಟಿದ ಮೇಲೆ ರಸ್ತೆ ಟರ್ನಗೇನ್ ಆರ್ಮ್ ಅನ್ನುವ ಕಡಲ ಕವಲಿನ ಪಕ್ಕಕ್ಕೆ ಬರುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ರೈಲು ಹಳಿ, ಅದರಾಚೆ ನೀರು. ಪೋರ್ಟೇಜ್ ಹತ್ತಿರ ಬೂದು ಬಣ್ಣದ ಸತ್ತ ಮರಗಳು ನಿಂತಿವೆ. 1964ರ ಮಾರ್ಚ್ 27ರ ಭೂಕಂಪದಲ್ಲಿ ಅಲ್ಲಿ ನೆಲ ಕುಸಿಯಿತು, ಉಪ್ಪುನೀರು ಬೇರಿಗೆ ನುಗ್ಗಿತು, ಊರೇ ಖಾಲಿಯಾಯಿತು. ಭೂಕಂಪದ ತೀವ್ರತೆ 9.2. ಮರಗಳು ಮಾತ್ರ ಬೀಳಲಿಲ್ಲ. ಅಲ್ಲೇ ಸಮೀಪದಲ್ಲಿ ಹಿಮನದಿ ನೋಡಲೆಂದೇ 1986ರಲ್ಲಿ ಕಟ್ಟಿದ ಕೇಂದ್ರ ಇದೆ. ಹಿಮನದಿ ಎಷ್ಟು ಹಿಂದೆ ಸರಿದಿದೆ ಅಂದರೆ ಆ ಕಟ್ಟಡದಿಂದ ಈಗ ಅದು ಕಾಣುವುದೇ ಇಲ್ಲ. ದೋಣಿಯಲ್ಲಿ ಹೋಗಬೇಕು. ಇದನ್ನು ಮೊದಲೇ ಹೇಳದಿದ್ದರೆ ಬೈಗುಳ ಗ್ಯಾರಂಟಿ.

ಕೆಸರಿನ ವಿಷಯ ಮಾತ್ರ ಕೆಂಪಕ್ಷರದಲ್ಲಿ ಬರೆಯುತ್ತೇನೆ. ನೀರು ಇಳಿದಾಗ ಕಾಣುವ ಬೂದು ನೆಲ ಗಟ್ಟಿ ಮರಳಿನ ಹಾಗೆ ಕಾಣುತ್ತದೆ, ಫೋಟೋಕ್ಕೆ ಇಳಿಯೋಣ ಅನಿಸುತ್ತದೆ. ಇಳಿದರೆ ಕಾಲು ಹೂತು ಹೋಗುತ್ತದೆ, ಮೇಲಿಂದ ಉಬ್ಬರ ಬರುತ್ತದೆ.

ಆ ಉಬ್ಬರ ನೋಡುವಂಥದ್ದು. ಕಡಲ ನೀರು ಒಂದು ಗೋಡೆಯ ಹಾಗೆ ಕವಲಿನೊಳಗೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಜೋರು. ಹಾಗಾಗಿ ಅಲಾಸ್ಕಾ ಪ್ಲಾನ್ ಮಾಡುವಾಗ ನಾನು ಮೊದಲು ನೋಡುವುದು ಆಫೀಸ್ ಗೋಡೆಯ ಕ್ಯಾಲೆಂಡರ್. ಆಮೇಲೆ ಆಂಕರೇಜ್‌ನ ಉಬ್ಬರವಿಳಿತದ ಪಟ್ಟಿ. ಪಕ್ಕದ ಟೇಬಲ್‌ನವರು ಮುಹೂರ್ತ ನೋಡ್ತಿದ್ದೀರಾ ಅಂತ ಕೇಳುತ್ತಾರೆ.

ಹೋದ ವರ್ಷ ಶಿವಮೊಗ್ಗದ ದಂಪತಿಗೆ ಹಾಗೆ ನೋಡಿ ಕೊಟ್ಟೆ. ಇಬ್ಬರೂ ನಿವೃತ್ತರು, ಡ್ರೈವರ್ ಸಮೇತ ವ್ಯಾನ್. ರಾತ್ರಿ ವಿಮಾನ. ಟಿಕೆಟ್ ಇರುವ ಜಾಗ ಒಂದೂ ಇಲ್ಲ. ಅದೇ ರಸ್ತೆಯ ಬರ್ಡ್ ಪಾಯಿಂಟ್‌ನಲ್ಲಿ ನಿಲ್ಲಿ, ನೀರು ಬರುವವರೆಗೆ ಏಳಬೇಡಿ ಅಂತ ಬರೆದಿದ್ದೆ. ಐವತ್ತು ನಿಮಿಷ ಕೂತರಂತೆ. ಚಪಾತಿ, ಚಟ್ನಿಪುಡಿ. ಆಮೇಲೆ ಒಂದು ವಿಡಿಯೋ ಕಳಿಸಿದರು. ದೂರದಲ್ಲಿ ಒಂದು ಬಿಳಿ ಗೆರೆ. ಹತ್ತಿರ ಬರುತ್ತಾ ದಪ್ಪ ಆಗುತ್ತದೆ. ಹಿಂದಿನಿಂದ ಅವರ ದನಿ: "ನೋಡೇ, ಹೊಳೆ ಹಿಂದಕ್ಕೆ ಹರೀತಿದೆ." ಫೋನ್ ಅಲುಗಾಡಿ ಅರ್ಧ ಆಕಾಶವೇ ಬಂದಿದೆ. ಆ ವಿಡಿಯೋ ಇನ್ನೂ ನನ್ನ ಫೋನಲ್ಲಿದೆ.

ಎಲ್ಲವನ್ನೂ ಹಾಳೆಯಲ್ಲಿ ತಿದ್ದಲು ಆಗುವುದಿಲ್ಲ ಅನ್ನೋದೂ ಗೊತ್ತಾಗಿದೆ. ಆ ರಸ್ತೆ ಬಹುತೇಕ ಎರಡೇ ಲೇನ್. ಮುಂದೆ ಮನೆಯಷ್ಟು ದೊಡ್ಡ ಮೋಟರ್‌ಹೋಮ್ ಸಿಕ್ಕಿದರೆ ಅದರ ಹಿಂದೆಯೇ. ಹಿಂದೆ ಐದು ಗಾಡಿ ಸೇರಿದರೆ ನಿಧಾನ ಹೋಗುವವರು ಪಕ್ಕಕ್ಕೆ ಬಿಡಬೇಕು ಅಂತ ಅಲ್ಲಿ ಕಾನೂನೇ ಇದೆ. ಬಿಡುವವರು ಬಿಡುತ್ತಾರೆ. ದೊಡ್ಡ ಅಪಘಾತ ಆದರೆ ರಸ್ತೆಯನ್ನೇ ಗಂಟೆಗಟ್ಟಲೆ ಮುಚ್ಚುತ್ತಾರೆ. ಸೆವರ್ಡ್‌ನಿಂದ ಬಂದವರಿಗೂ ಇದೇ ರಸ್ತೆ, ವಿಟ್ಟಿಯರ್‌ನವರಿಗೂ ಇದೇ.

"ಬೇರೆ ದಾರಿ ಇಲ್ವಾ ಸಾರ್?" ಅಂತ ಪ್ರತಿಯೊಬ್ಬರೂ ಕೇಳುತ್ತಾರೆ.

ಕಾರಿಗೆ ಇಲ್ಲ. ರೈಲಿದೆ, ಆದರೆ ಅದು ಬೆಲುಗಾ ಪಾಯಿಂಟ್‌ನಲ್ಲಿ ನಿಲ್ಲಿಸುವುದಿಲ್ಲ.