ಮುಸುಕಿನ ಪೈಲ್ವಾನ್ ಡಾಕ್ಟರು

ರಾತ್ರಿ ಎರಡು ಗಂಟೆ. ಸೊಂಟ ಹಿಡಿದುಕೊಂಡಿದೆ. ಬಿಸಿನೀರಿನ ಚೀಲವೂ ತಣ್ಣಗಾಯ್ತು. ನಿದ್ದೆ ಬರದೆ ಸುಮ್ನೆ ಜಾನ್ ಬೊನಿಕಾ ಬಗ್ಗೆ ಓದುತ್ತಾ ಕೂತೆ. ಅಮೆರಿಕದ ಅರಿವಳಿಕೆ ಡಾಕ್ಟರು. ಓದಿನ ಖರ್ಚಿಗೆ ಕುಸ್ತಿ ಆಡಿದವರು, ಅದೂ ಮುಖಕ್ಕೆ ಮುಸುಕು ಹಾಕಿಕೊಂಡು! ಆ ಪೆಟ್ಟುಗಳ ನೋವು ಕೊನೆವರೆಗೂ ಬಿಡಲಿಲ್ಲವಂತೆ.

ಎರಡನೇ ಮಹಾಯುದ್ಧದ ಗಾಯಾಳು ಸೈನಿಕರನ್ನು ನೋಡಿಕೊಳ್ಳುವಾಗ ಅವರಿಗೆ ಒಂದು ವಿಷಯ ಕಾಡಿತು. ಕೆಲವರಿಗೆ ಗಾಯ ಮಾಗುತ್ತೆ, ನೋವು ಮಾತ್ರ ಹೋಗಲ್ಲ. ಪುಸ್ತಕದಲ್ಲಿ ಹುಡುಕಿದರೆ ಉತ್ತರವಿಲ್ಲ. ಬೇರೆ ಬೇರೆ ವಿಭಾಗದ ಡಾಕ್ಟರುಗಳನ್ನು ಊಟಕ್ಕೆ ಕೂರಿಸಿ, ಒಬ್ಬೊಬ್ಬ ರೋಗಿಯ ಬಗ್ಗೆ ಚರ್ಚೆ ಶುರು ಮಾಡಿದರು. 1953ರಲ್ಲಿ ನೋವಿನ ಚಿಕಿತ್ಸೆ ಬಗ್ಗೆ ತಾವೇ ದಪ್ಪ ಪುಸ್ತಕ ಬರೆದರು.

ನನ್ನ ಡಾಕ್ಟರು ಮೊನ್ನೆ, "ಸ್ಕ್ಯಾನ್ ನಾರ್ಮಲ್, ಏನೂ ಇಲ್ಲಮ್ಮ" ಅಂದರು. ಏನೂ ಇಲ್ಲದ್ದು ಇಷ್ಟು ನೋಯುತ್ತಾ? ಇರಲಿ, ನೀರು ಕಾಯಿಸಬೇಕು.