ಅತ್ತಿಗೆಯ ಹತ್ತು ತಿಂಗಳ ಜಮಾ-ಖರ್ಚು

ಕಳೆದ ಜುಲೈ 29ರಂದು, ಪುಷ್ಯ ಮಳೆ ಬಿಡದೆ ಹಿಡಿದಿದ್ದ ದಿನ, ನಾನು ಶಿವಮೊಗ್ಗದಲ್ಲಿ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಹಿಂದಿನ ರಾತ್ರಿ ಅತ್ತಿಗೆ ಫೋನು ಮಾಡಿ, "ಕಂಪನಿಯಿಂದ ನನಗೆ ಹತ್ತು ಸಾವಿರದ ಮೇಲೆ ಬಂದಿದೆ ಅಂತ ಮೊಬೈಲು ತೋರಿಸುತ್ತದೆ, ಆದರೆ ಕೈಯಲ್ಲಿ ಒಂದು ರೂಪಾಯಿಯೂ ಉಳಿದಿಲ್ಲ. ನೀನು ಲೆಕ್ಕ ಬರೆಯುವವಳು, ಒಮ್ಮೆ ಬಂದು ನೋಡು" ಎಂದಿದ್ದರು. ಸಹಕಾರ ಸಂಘವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನನಗೆ ಆ ಮಾತು ರಾತ್ರಿಯಿಡೀ ಚುಚ್ಚುತ್ತಿತ್ತು. ಗಾಜನೂರು ದಾಟಿ ಮಂಡಗದ್ದೆಯ ಕಡೆಗೆ ಸಾಗುವಾಗ ಕಿಟಕಿಯಾಚೆ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ನನ್ನ ಮನಸ್ಸು ಮಾತ್ರ ಹಿಂದಿನ ಸೆಪ್ಟೆಂಬರಿನ ಒಂದು ಭಾನುವಾರದಲ್ಲೇ ನಿಂತಿತ್ತು.

ಆ ಭಾನುವಾರ ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ನಡೆದ, ಜನರನ್ನು ಸೇರಿಸುತ್ತ ಸಾಮಾನು ಮಾರುವ ಆ ನೇರ ಮಾರಾಟ ಕಂಪನಿಯ ಸಭೆಗೆ ಅತ್ತಿಗೆಯ ಜೊತೆ ನಾನೂ ಹೋಗಿದ್ದೆ. ವೇದಿಕೆಯ ಮೇಲಿದ್ದವರು ಬಿಳಿ ಹಲಗೆಯ ಮೇಲೆ ಒಂದು ವೃತ್ತ ಬರೆದು, ಅದರ ಕೆಳಗೆ ಆರು ವೃತ್ತ, ಪ್ರತಿಯೊಂದರ ಕೆಳಗೆ ಮತ್ತೆ ಆರಾರು ವೃತ್ತ ಬರೆಯುತ್ತ ಹೋದರು. ನೀವು ಆರು ಜನರನ್ನು ಸೇರಿಸಿದರೆ ಸಾಕು, ಉಳಿದದ್ದು ತಾನಾಗಿ ಬೆಳೆಯುತ್ತದೆ ಎಂಬುದು ಅವರ ಮಾತಿನ ಸಾರ. ನಾನು ಕೈಚೀಲದಲ್ಲಿದ್ದ ಬಸ್ ಟಿಕೆಟಿನ ಹಿಂಬದಿಯಲ್ಲಿ ಗುಣಿಸಿದೆ: ಆರು, ಮೂವತ್ತಾರು, 216, 1,296, 7,776, 46,656, 2,79,936. ಏಳನೆಯ ಹಂತಕ್ಕೇ ಎಲ್ಲರನ್ನೂ ಕೂಡಿದರೆ 3,35,923 ಜನ ಬೇಕು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆಯೇ 3,22,650. ಎಂಟನೆಯ ಹಂತ ತುಂಬಬೇಕಾದರೆ ಇಪ್ಪತ್ತು ಲಕ್ಷ ಮೀರುತ್ತದೆ. ಹಸುಗೂಸುಗಳನ್ನೂ ಸೇರಿಸಿ ಏಳು ತಾಲ್ಲೂಕುಗಳ ನಮ್ಮ ಇಡೀ ಜಿಲ್ಲೆಯಲ್ಲಿ ಆಗ ಇದ್ದವರು 17,52,753 ಮಂದಿ. ಅಂದರೆ ಕೊನೆಯ ಸಾಲಿನಲ್ಲಿ ನಿಲ್ಲುವವರಿಗೆ ಸೇರಿಸಲು ಜನರೇ ಇರುವುದಿಲ್ಲ, ಮತ್ತು ಆ ಕೊನೆಯ ಸಾಲಿನಲ್ಲಿರುವವರೇ ಯಾವಾಗಲೂ ಉಳಿದೆಲ್ಲರಿಗಿಂತ ಹೆಚ್ಚು. ಇಷ್ಟನ್ನು ತಿಳಿದೂ ನಾನು ಆ ದಿನ ಬಾಯಿ ಬಿಡಲಿಲ್ಲ. ಮದುವೆಯಾದಂದಿನಿಂದ ತಮ್ಮದೆಂಬ ಒಂದು ಸಂಪಾದನೆಗೆ ಹಂಬಲಿಸಿದ್ದ ಅತ್ತಿಗೆಯ ಮುಖದಲ್ಲಿ ಅಂದು ಇದ್ದ ಸಂತೋಷವನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಅದು ನನ್ನ ತಪ್ಪು ಎಂದು ಈಗಲೂ ತಿಳಿದಿದ್ದೇನೆ.

ಮನೆ ತಲುಪಿದಾಗ ಅಣ್ಣ ಅಡಿಕೆಗೆ ಎರಡನೆಯ ಸಲ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಲು ಮಳೆ ಬಿಡುವುದನ್ನೇ ಕಾಯುತ್ತಿದ್ದರು. ಅತ್ತಿಗೆ ಜಗಲಿಯಲ್ಲಿ ಚಾಪೆ ಹಾಸಿ, ಬಿಲ್ಲುಗಳು, ಬ್ಯಾಂಕ್ ಪಾಸ್‌ಬುಕ್ಕು, ಮೊಬೈಲು ಎಲ್ಲವನ್ನೂ ಮುಂದಿಟ್ಟರು. ಒಳಗಿನ ಕಪಾಟನ್ನೂ ತೆರೆದು ತೋರಿಸಿದರು. ಪ್ರೋಟೀನ್ ಪುಡಿಯ ಡಬ್ಬಿಗಳು, ಕೂದಲೆಣ್ಣೆ, ಚಹಾಪುಡಿ, ಟೂತ್‌ಪೇಸ್ಟು ಸಾಲಾಗಿ ಕುಳಿತಿದ್ದವು. ಮಲೆನಾಡಿನ ಮಳೆಗಾಲದ ತೇವಕ್ಕೆ ಕೆಲವು ಪೊಟ್ಟಣಗಳ ರಟ್ಟು ಬೂಷ್ಟು ಹಿಡಿದಿತ್ತು.

ಮೊದಲು ನಾವು ಆ ಕಂಪನಿ ಹಣ ಕೊಡುವ ರೀತಿಯನ್ನು ಅರ್ಥ ಮಾಡಿಕೊಳ್ಳಲು ಕುಳಿತೆವು. ಅತ್ತಿಗೆಗೆ ತಮ್ಮ ಮೇಲಿನವರು, ಅಂದರೆ ಅಪ್‌ಲೈನ್, ಹೇಳಿದ್ದು ಬಿಟ್ಟರೆ ಬೇರೇನೂ ತಿಳಿದಿರಲಿಲ್ಲ. ಸೇರಲು ಶುಲ್ಕವಿಲ್ಲ ಎಂದು ಹೇಳಲಾಗಿತ್ತು, ಆದರೆ 'ಆ್ಯಕ್ಟಿವ್' ಆಗಲು 8,400 ರೂಪಾಯಿಯ ಪ್ಯಾಕೇಜ್ ಕೊಳ್ಳಬೇಕಿತ್ತು. ಆ ಪ್ಯಾಕೇಜಿಗೆ 100 ಪಿವಿ, ಅಂದರೆ ಪಾಯಿಂಟ್ ವ್ಯಾಲ್ಯೂ. ಸೇರಿದವರ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಲೆಗ್, ಅಂದರೆ ಜನರ ಸಾಲು. ಸಭೆಯಲ್ಲಿ ಹೇಳಿದ ಆರು ಜನರೂ ಈ ಎರಡು ಸಾಲುಗಳಲ್ಲೇ ನಿಲ್ಲಬೇಕು. ಇದಕ್ಕೆ ಬೈನರಿ ಪ್ಲಾನ್ ಎನ್ನುತ್ತಾರೆ. ಎಡದಲ್ಲಿ 100, ಬಲದಲ್ಲಿ 100 ಪಿವಿ ಕೂಡಿದಾಗ ಒಂದು ಜೋಡಿ, ಆ ಜೋಡಿಗೆ 800 ರೂಪಾಯಿ. ಮೊದಲ ಜೋಡಿಗೆ ಮಾತ್ರ ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಒಬ್ಬರು ಬೇಕು.

ಅತ್ತಿಗೆಯ ಎಡದಲ್ಲಿ ಹದಿನಾಲ್ಕು ಜನ, ಬಲದಲ್ಲಿ ಐವರು ಇದ್ದರು. ಎಡದವರಲ್ಲಿ ಎಂಟು ಜನ ಇವರ ಸ್ವಸಹಾಯ ಸಂಘದವರೇ. ಉಳಿದವರನ್ನು ಮೇಲಿನವರು ತಂದು ಇವರ ಕೆಳಗೆ ಹಾಕಿದ್ದರು. ಅತ್ತಿಗೆ ಅದನ್ನು ದೊಡ್ಡ ಉಪಕಾರವೆಂದು ತಿಳಿದಿದ್ದರು. ಆದರೆ ಬಲದ ಲೆಗ್ ಚಿಕ್ಕದಾಗಿರುವವರೆಗೂ ಎಡಕ್ಕೆ ಎಷ್ಟು ಜನ ಬಂದರೂ ಇವರಿಗೆ ದುಡ್ಡು ಹುಟ್ಟುವುದಿಲ್ಲ. ಆದದ್ದು ಐದೇ ಜೋಡಿ, ಬಂದದ್ದು 4,000 ರೂಪಾಯಿ. ಎಡದಲ್ಲಿ ಉಳಿದ ಎಂಟು ಮಂದಿಯ ಪಾಯಿಂಟುಗಳು ಜೋಡಿ ಸಿಗದೆ ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ಸಾಗುತ್ತಿದ್ದವು. ಆ ಎಂಟು ಮನೆಗಳು 67,200 ರೂಪಾಯಿ ಕೊಟ್ಟು ಸಾಮಾನು ಕೊಂಡಿವೆ. ಅದಕ್ಕೆ ಅತ್ತಿಗೆಗೆ ಸಿಕ್ಕಿದ್ದು ಸೊನ್ನೆ.

ಎರಡನೆಯದು ತಿಂಗಳ ಮರುಖರೀದಿಯ ಕಮಿಷನ್. ಪ್ರತಿ ತಿಂಗಳು 2,000 ರೂಪಾಯಿಯ ಸಾಮಾನು ಕೊಳ್ಳದಿದ್ದರೆ ಆ ತಿಂಗಳ ಆದಾಯವೂ ಇಲ್ಲ, ಉಳಿದ ಪಾಯಿಂಟುಗಳೂ ಹೋಗುತ್ತವೆ. ಕಮಿಷನ್ನಾದರೂ ಬಿಲ್ಲಿನ ಮೊತ್ತದ ಮೇಲಲ್ಲ, ಕಂಪನಿಯೇ ನಿಗದಿ ಮಾಡುವ ಬಿವಿ, ಅಂದರೆ ಬಿಸಿನೆಸ್ ವ್ಯಾಲ್ಯೂ ಮೇಲೆ. 2,000 ರೂಪಾಯಿಯ ಬಿಲ್ಲಿಗೆ ಬಿವಿ 1,400. ತನ್ನ ಮತ್ತು ಕೆಳಗಿನವರ ಒಟ್ಟು ಖರೀದಿ ಹೆಚ್ಚಿದಂತೆ ಶೇಕಡಾವಾರು ದರ ಏರುತ್ತದೆ, ಆದರೆ ಕೆಳಗಿನವರ ಖರೀದಿಯ ಮೇಲೆ ಸಿಗುವುದು ತನ್ನ ದರಕ್ಕೂ ಅವರ ದರಕ್ಕೂ ಇರುವ ವ್ಯತ್ಯಾಸ ಮಾತ್ರ. ತಾನು ಶೇ 12ರಲ್ಲಿದ್ದು ಕೆಳಗಿನವಳು ಶೇ 8ರಲ್ಲಿದ್ದರೆ ಸಿಗುವುದು ಶೇ 4.

ಇಷ್ಟು ಹೇಳುವಾಗ ಅತ್ತಿಗೆ ನನ್ನ ಕೈ ಹಿಡಿದು ನಿಲ್ಲಿಸಿದರು. "ಹಾಗಾದರೆ ಕೆಳಮನೆಯ ಸೊಸೆ ಜೂನ್ ತಿಂಗಳಲ್ಲಿ ಹನ್ನೆರಡಕ್ಕೆ ಬಂದಳಲ್ಲ, ಸಭೆಯಲ್ಲಿ ಅವಳಿಗೆ ಹಾರ ಹಾಕಿದರು, ನಾನೇ ಚಪ್ಪಾಳೆ ತಟ್ಟಿದೆ. ಆ ತಿಂಗಳಲ್ಲೇ ನನಗೆ ಬರುವುದು ಅರ್ಧವಾಯಿತು. ಅದು ಇದಕ್ಕೇನಾ?" ಹೌದು, ಅದಕ್ಕೇ. ಆಕೆಯ ದರ ಇವರ ದರಕ್ಕೆ ಸಮವಾದ ಕ್ಷಣದಿಂದ ಆಕೆಯ ಕಡೆಯ ವ್ಯತ್ಯಾಸ ಇಲ್ಲವಾಗಿತ್ತು. ಅದಕ್ಕೂ ಮೇಲಿನ ಹುದ್ದೆಗೆ ಏರಿದರೆ ಬೇರೊಂದು ಬೋನಸ್ ಉಂಟು, ಆದರೆ ಅದಕ್ಕೆ ಹಾಗೆಯೇ ಬೆಳೆದ ಇನ್ನಷ್ಟು ಗುಂಪುಗಳು ಬೇಕು. ಅತ್ತಿಗೆ ಬಹಳ ಹೊತ್ತು ಸುಮ್ಮನಿದ್ದರು. ಕಷ್ಟಪಟ್ಟು ಕೈಹಿಡಿದು ಮೇಲೆತ್ತಿದವಳು ಮೇಲೆ ಬಂದದ್ದೇ ತಮಗೆ ನಷ್ಟವಾಗುವ ವ್ಯವಸ್ಥೆಯನ್ನು ಅವರು ತಮ್ಮ ಜೀವನದಲ್ಲಿ ಬೇರೆಲ್ಲೂ ಕಂಡಿರಲಿಲ್ಲ.

ನಂತರ ನಾನು ಅವರ ಮಗಳ ಹಳೆಯ ನೋಟುಪುಸ್ತಕದಲ್ಲಿ ನಡುವೆ ಗೆರೆ ಎಳೆದು ಜಮಾ-ಖರ್ಚು ಬರೆದೆ. ಮೊಬೈಲು ತೋರಿಸುತ್ತಿದ್ದ ಗಳಿಕೆ 10,300 ರೂಪಾಯಿ: ಜೋಡಿಗೆ 4,000, ಮರುಖರೀದಿಗೆ 6,300. ಇದರಲ್ಲಿ ಸುಮಾರು 1,600 ಅವರದೇ ಖರೀದಿಯ ಮೇಲೆ ಅವರಿಗೇ ಮರಳಿದ್ದು. ಶೇ 5ರ ಆಡಳಿತ ಶುಲ್ಕ ಕಳೆದು ಬ್ಯಾಂಕಿಗೆ ಬಂದದ್ದು 9,785. ಊರವರಿಗೆ ಮಾರಿದ್ದರಿಂದ 4,600. ಮನೆಯಲ್ಲಿ ಬಳಸಿದ ಸೋಪು, ಪೇಸ್ಟು, ಚಹಾಪುಡಿಯನ್ನು ಪೇಟೆಯ ಅಂಗಡಿಯಲ್ಲಿ ಕೊಂಡಿದ್ದರೆ ಆಗುತ್ತಿದ್ದ ಖರ್ಚನ್ನೂ ನ್ಯಾಯವಾಗಿ ಜಮೆಗೇ ಹಾಕಿದೆ: 6,500. ಒಟ್ಟು 20,885. ಖರ್ಚಿನ ಕಡೆ ಪ್ಯಾಕೇಜಿನ 8,400, ಹತ್ತು ತಿಂಗಳ ಖರೀದಿಯ 20,000, ಶಿವಮೊಗ್ಗದ ಓಡಾಟ ಮತ್ತು ತರಬೇತಿ ಸಭೆಗಳ ಟಿಕೆಟಿನ 4,700, ಒಟ್ಟು 33,100. ಅಂತರ 12,215 ರೂಪಾಯಿ ನಷ್ಟ. ಮನೆಮನೆ ತಿರುಗಿದ ದಿನಗಳಿಗೆ ನಾನು ಕೂಲಿ ಹಾಕಲೇ ಇಲ್ಲ. ಅಡಿಕೆ ಸುಲಿಯಲು ಕುಳಿತಿದ್ದರೂ ಅಷ್ಟು ದಿನಗಳಿಗೆ ಒಂದು ಮೊತ್ತ ಕೈಗೆ ಬರುತ್ತಿತ್ತು.

"ನಾನು ಕೊಂಡದ್ದನ್ನು ಖರ್ಚು ಅಂತ ಯಾರೂ ಹೇಳಲಿಲ್ಲ, ಹೂಡಿಕೆ ಅಂತಲೇ ಹೇಳಿದರು" ಎಂದರು ಅತ್ತಿಗೆ.

ಅಷ್ಟರಲ್ಲಿ ಅಣ್ಣ ಬಂದು ಕುಳಿತು, ಮಂಡಿಯಲ್ಲೂ ದಲಾಲರಿಗೆ ಕಮಿಷನ್ ಇದೆಯಲ್ಲ, ಇದೂ ಹಾಗೆಯೇ ಅಲ್ಲವೇ ಎಂದು ಕೇಳಿದರು. ಅದು ಯೋಗ್ಯವಾದ ಪ್ರಶ್ನೆ. ಮಂಡಿಗೆ ಹೋದ ನಮ್ಮ ರಾಶಿ ಇಡಿ, ಬೆಟ್ಟೆ ಅಡಿಕೆ ಘಟ್ಟ ದಾಟಿ, ನಾವು ಎಂದೂ ನೋಡದ ಊರುಗಳಲ್ಲಿ ಅದನ್ನು ಅಗಿಯುವವರ ಬಾಯಿ ಸೇರುತ್ತದೆ. ಅವರು ಕೊಟ್ಟ ಹಣದಲ್ಲಿ ದಲಾಲರ ಪಾಲೂ ಇರುತ್ತದೆ, ನಮ್ಮ ಪಾಲೂ ಇರುತ್ತದೆ. ಇಲ್ಲಿ ಹೊರಗಿನ ಗಿರಾಕಿ ಕೊಟ್ಟದ್ದು 4,600 ಮಾತ್ರ. ಉಳಿದ ಹಣವೆಲ್ಲ ಈ ಹತ್ತೊಂಬತ್ತು ಮನೆಗಳ ಮತ್ತು ಅತ್ತಿಗೆಯ ಸೆರಗಿನ ಗಂಟಿನಿಂದಲೇ ಹೋಗಿ, ಅದರ ಒಂದಂಶ ಕಮಿಷನ್ ಎಂಬ ಹೆಸರಿನಲ್ಲಿ ಮರಳಿದ್ದು. ಒಂದು ಪ್ಯಾಕೇಜಿನಿಂದ ಮೇಲಿನ ಹತ್ತಾರು ಹಂತದವರಿಗೆ ಪಾಲು ಹೋಗಬೇಕಾದ್ದರಿಂದಲೇ ಅದರ ಬೆಲೆಯೂ ಅಂಗಡಿಯ ಇಂಥದೇ ಸಾಮಾನಿಗಿಂತ ಅಷ್ಟು ಹೆಚ್ಚು. ನೇರ ಮಾರಾಟವೆಲ್ಲ ಮೋಸವೆಂದು ನಾನು ಹೇಳುವುದಿಲ್ಲ. ಹೊರಗಿನವರಿಗೆ ನಿಜವಾಗಿ ಸಾಮಾನು ಮಾರಿ, ಮಾರಿದ್ದರ ಮೇಲೆ ಸಂಪಾದಿಸುವುದಾದರೆ ಅದು ವ್ಯಾಪಾರವೇ.

ಕಾನೂನು ಹುಡುಕುವುದೂ ಇದೇ ವ್ಯತ್ಯಾಸವನ್ನು. ಹಣ ಸುತ್ತಿಸುವ ಯೋಜನೆಗಳನ್ನು ನಿಷೇಧಿಸಿದ ಕೇಂದ್ರದ ಕಾಯಿದೆ 1978ರದು. 2021ರ ಡಿಸೆಂಬರಿನಲ್ಲಿ ಗ್ರಾಹಕ ರಕ್ಷಣಾ ಕಾಯಿದೆಯಡಿ ಬಂದ ನೇರ ಮಾರಾಟದ ನಿಯಮಗಳು ಪಿರಮಿಡ್ ಯೋಜನೆಗಳನ್ನು, ಅಂದರೆ ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವ ಯೋಜನೆಗಳನ್ನು ನಿಷೇಧಿಸಿವೆ. ಅತ್ತಿಗೆಯ ಬಳಿ ಒಪ್ಪಂದದ ಕಾಗದದ ಪ್ರತಿಯೇ ಇರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಯನ್ನು ಪುಸ್ತಕದ ಮೇಲ್ಭಾಗದಲ್ಲಿ ಬರೆದುಕೊಟ್ಟೆ, ತೆರೆಯದ ಡಬ್ಬಿಗಳನ್ನು ಹಿಂದಿರುಗಿಸುವೆವೆಂದು ಕಂಪನಿಗೆ ಬರೆಯಲು ಒಂದು ಪತ್ರದ ಕರಡನ್ನೂ ಮಾಡಿದೆ.

ಸಂಜೆ ಮೊಬೈಲಿನಲ್ಲಿ ಸಂದೇಶ ಬಂತು: ತಿಂಗಳ ಖರೀದಿ ಮಾಡಲು ಇನ್ನು ಎರಡೇ ದಿನ, ಮಾಡದಿದ್ದರೆ ಎಡ ಲೆಗ್ಗಿನ 800 ಪಿವಿ ರದ್ದಾಗುತ್ತದೆ. ಅತ್ತಿಗೆ ಅದನ್ನು ಎರಡು ಸಲ ಓದಿದರು. ನಾನು ಏನನ್ನೂ ಹೇಳಲಿಲ್ಲ. ಈ ಸಲ ಹೇಳಬೇಕಾದದ್ದೆಲ್ಲ ಆ ಪುಟದ ಮೇಲಿತ್ತು. ಅವರು ಸಂದೇಶವನ್ನು ಹಾಗೇ ಬಿಟ್ಟು, ನೋಟುಪುಸ್ತಕದ ಮುಂದಿನ ಹಾಳೆ ತಿರುಗಿಸಿ ನನ್ನ ಮುಂದಿಟ್ಟರು.

"ಕೆಳಮನೆಯವಳ ಲೆಕ್ಕವನ್ನೂ ಹೀಗೇ ಬರೆದುಕೊಡು. ಅವಳನ್ನು ಸೇರಿಸಿದ್ದು ನಾನು, ಅವಳಿಗೆ ಹೇಳಬೇಕಾದ್ದೂ ನಾನೇ."

ಮನೆಯೊಳಗೆ ನೆಟ್‌ವರ್ಕ್ ಸಿಗದ ಕಾರಣ ಅವರು ಕೊಡೆ ಹಿಡಿದು ತೋಟದ ಮೇಲಿನ ದಿಬ್ಬ ಹತ್ತಿದರು. ಮಳೆಯ ಸದ್ದಿನಲ್ಲಿ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ, ಬಿಲ್ಲುಗಳನ್ನೆಲ್ಲ ತಗೊಂಡು ಬಾ ಎಂಬುದೊಂದು ಮಾತ್ರ ಕೇಳಿಸಿತು. ನಾನು ಆ ಹಾಳೆಯ ನಡುವೆ ಗೆರೆ ಎಳೆದೆ.