ಆರನೇ ಸಿಲಿಂಡರಿನ ಎರಡು ತೂತು

ಭತ್ತ ಕೊಯ್ಯುವ ಹಾರ್ವೆಸ್ಟರ್ ಅದು. ಆರು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್. ಡಿಸೆಂಬರ್ ಮೊದಲ ವಾರ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಸೋನಾ ಮಸೂರಿ ಗದ್ದೆಗಳೆಲ್ಲ ಒಟ್ಟಿಗೇ ಕೊಯ್ಲಿಗೆ ಬಂದು ನಿಂತಿದ್ದವು. ಬೆಳಿಗ್ಗೆ ಏಳಕ್ಕೆ ಕಾರಟಗಿ ಕಡೆಯಿಂದ ಗಂಗಾವತಿಯ ವರ್ಕ್‌ಶಾಪಿಗೆ ಗಾಡಿ ಬಂತು.

"ಮುಂಜಾನೆ ಸ್ಟಾರ್ಟ್ ಮಾಡಿದ್ರ ಚಿಟ್ ಚಿಟ್ ಅಂತೈತ್ರೀ ಅಣ್ಣಾ. ಕಾದ ಮ್ಯಾಲ ಕಡಿಮಿ ಆಗ್ತೈತಿ. ಗಾಡಿ ಜಗ್ಗಂಗಿಲ್ಲ, ಕರೀ ಹೊಗಿ ಬಿಡ್ತೈತಿ" ಅಂದ ಡ್ರೈವರ್.

ಈ ಮಾತಿನಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಒಯ್ಯುವ ಮ್ಯಾನಿಫೋಲ್ಡ್ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಇಳಿಯುತ್ತದೆ. ಇದನ್ನೇ ಹೋಲುವ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದು ಹೀಗೆ ಮಾಯವಾಗುವುದು ಅಪರೂಪ. ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವುದು ಟರ್ಬೊ. ಅದನ್ನು ತಲುಪಬೇಕಾದ ಹೊಗೆ ದಾರಿಯಲ್ಲೇ ಸೋರಿದರೆ ಅದು ಸಾಕಷ್ಟು ತಿರುಗುವುದಿಲ್ಲ. ಗಾಳಿ ಕಡಿಮೆಯಾಗಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಕರಿ ಹೊಗೆ, ಕುಂದಿದ ಎಳೆತ ಎರಡಕ್ಕೂ ಕಾರಣ ಅದೇ. ಇಂಥ ಗಾಡಿಗೆ ಪಂಪು, ನಾಜಲ್ ಬಿಚ್ಚಿಸಿ ದುಡ್ಡು ಕಳೆದುಕೊಂಡವರು ಬಹಳ ಮಂದಿ. ಮೊದಲು ನೋಡಬೇಕಾದದ್ದು ಮ್ಯಾನಿಫೋಲ್ಡ್ ಸುತ್ತ ಮಸಿ ಕೂತಿದೆಯೇ ಅಂತ.

ಕಾರಿನಲ್ಲಿ ಇದೇ ಲೀಕ್ ಆದರೆ ಸದ್ದಿನ ಕಿರಿಕಿರಿ. ಹಾರ್ವೆಸ್ಟರಿನಲ್ಲಿ ಬೆಂಕಿಯ ಭಯ. ಎಂಜಿನ್ ಸುತ್ತ ಒಣ ಹುಲ್ಲಿನ ಪುಡಿ, ಭತ್ತದ ಧೂಳು ಹತ್ತಿಯ ಹಾಗೆ ತುಂಬಿರುತ್ತದೆ. ಸಂದಿನಿಂದ ಚಿಮ್ಮುವ ಬಿಸಿ ಹೊಗೆ ನೇರವಾಗಿ ಅದರ ಮೇಲೆ ಬಿದ್ದರೆ ಗಾಡಿಯ ಜೊತೆಗೆ ಗದ್ದೆಯೂ ಸುಡುತ್ತದೆ. ಹಾಗಾಗಿ "ಎರಡು ದಿನ ಹಿಂಗ ಓಡಿಸ್ತೀನಿ" ಅನ್ನುವ ಮಾತಿಗೆ ಒಪ್ಪುವುದೇ ಬೇಡ.

ಸೋರುವ ಜಾಗ ಹುಡುಕಲು ಎಂಜಿನ್ ತಣ್ಣಗಿರಬೇಕು. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ ಕಂಪ್ರೆಸರ್ ಗಾಳಿಯನ್ನು ಬಹಳ ಕಡಿಮೆ ಒತ್ತಡದಲ್ಲಿ ಬಿಟ್ಟು, ಮ್ಯಾನಿಫೋಲ್ಡಿನ ಜೋಡಣೆಗಳಿಗೆ ಸೋಪು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಇಲ್ಲಿ ಗುಳ್ಳೆ ಎದ್ದದ್ದು ಕೊನೆಯ, ಆರನೇ ಸಿಲಿಂಡರಿನ ಬಳಿ. ಒಂದು ಪೋರ್ಟಿಗೆ (ಹೊಗೆ ಹೊರಬರುವ ಬಾಯಿಗೆ) ಎರಡರಂತೆ ಒಟ್ಟು ಹನ್ನೆರಡು ಬೋಲ್ಟು. ಪಾನಾ ಹಾಕಿದರೆ ಆರನೇದರ ಮೇಲಿನ ಬೋಲ್ಟು ಬಿಗಿಯೂ ಆಗದೆ, ಸಡಿಲವೂ ಆಗದೆ ಸುಮ್ಮನೆ ತಿರುಗುತ್ತಿತ್ತು. ಕೆಳಗಿನದು ಸೊಟ್ಟಗೆ ನಿಂತಿತ್ತು.

ಟರ್ಬೊದ ಆಯಿಲ್ ಪೈಪುಗಳನ್ನು ಬಿಚ್ಚಿ ಬಾಯಿಗೆ ಮುಚ್ಚಳ ಹಾಕಿ ಮ್ಯಾನಿಫೋಲ್ಡ್ ಇಳಿಸಿದ ಮೇಲೆ ಸಂಗತಿ ಪೂರ್ತಿ ಕಂಡಿತು. ಮೇಲಿನ ತೂತಿನೊಳಗೆ ಯಾರೋ ತಾಮ್ರದ ತಂತಿ ಸುತ್ತಿ ಬೋಲ್ಟು ತುರುಕಿದ್ದರು. ಕೆಳಗಿನ ತೂತಿನಲ್ಲಿ ಹಿಂದೆ ಯಾವಾಗಲೋ ಬೋಲ್ಟು ಮುರಿದಿದೆ. ಅದನ್ನು ಕೈ ಡ್ರಿಲ್ಲಿನಲ್ಲಿ ಕೊರೆದು ತೆಗೆಯುವಾಗ ಬಿಟ್ ಜಾರಿ ತೂತು ಮೊಟ್ಟೆಯಾಕಾರವಾಗಿ, ಅಗಲದ ಕಡೆ 11.2 ಮಿ.ಮೀ. ಆಗಿದೆ. ಬೋಲ್ಟು ಎಂ10 (10 ಮಿ.ಮೀ. ದಪ್ಪ), ಪಿಚ್, ಅಂದರೆ ಥ್ರೆಡ್ಡಿನಿಂದ ಥ್ರೆಡ್ಡಿಗೆ ಅಂತರ, 1.5. ಮೂಲ ತೂತು 8.5 ಮಿ.ಮೀ.ಗೆ ಕೊರೆದು ಟ್ಯಾಪ್ ಹೊಡೆದದ್ದು (ಥ್ರೆಡ್ ಕಡಿದದ್ದು), ಆಳ 28.

ತೂತು ಸರಿ ಮಾಡುವ ಮೊದಲು ಥ್ರೆಡ್ ಯಾಕೆ ಹೋಯಿತು ಅನ್ನುವುದು ಗೊತ್ತಾಗಬೇಕು. ಇಲ್ಲದಿದ್ದರೆ ಅದೇ ಕೆಲಸ ಮುಂದಿನ ಬೆಳೆಗೆ ಮತ್ತೆ ಬಾಗಿಲಿಗೆ ಬರುತ್ತದೆ. ಬಿಚ್ಚಿದ ಬೋಲ್ಟುಗಳನ್ನು ಸಾಲಾಗಿ ಇಟ್ಟು ಅಳೆದಾಗ ಹತ್ತು ಬೋಲ್ಟು 40 ಮಿ.ಮೀ., ಆರನೇದರ ಎರಡು ಮಾತ್ರ 30. ಮ್ಯಾನಿಫೋಲ್ಡಿನ ಫ್ಲ್ಯಾಂಜ್ (ಬೋಲ್ಟು ಹಾಕುವ ಅಂಚು) ದಪ್ಪ 18, ವಾಷರ್ 3, ಪ್ಯಾಕಿಂಗ್ ಒಂದೂವರೆ: ಒಟ್ಟು 22.5. ಅಂದರೆ 30ರ ಬೋಲ್ಟು ಹೆಡ್ಡಿನೊಳಗೆ (ಮ್ಯಾನಿಫೋಲ್ಡ್ ಕೂರುವ, ಎಂಜಿನ್ನಿನ ಮೇಲಿನ ಭಾಗದೊಳಗೆ) ಹೋಗಿದ್ದು ಏಳೂವರೆ ಮಿ.ಮೀ., ಬರೇ ಐದು ಥ್ರೆಡ್. ಬೀಡಿನ (ಎರಕದ ಕಬ್ಬಿಣದ) ಹೆಡ್ಡಿಗೆ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು, ಎಂದರೆ 15 ಮಿ.ಮೀ. ಹಿಡಿತ ಬೇಕು. ಅಲ್ಯೂಮಿನಿಯಂ ಹೆಡ್ಡಾದರೆ ಎರಡು ಪಟ್ಟು. ಉದ್ದದ ಬೋಲ್ಟು ಹಾಕಿದರೂ ಪೆಟ್ಟೇ: 55 ಎಂಎಂನದು ಹಾಕಿದರೆ ತುದಿ ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ. ಪಾನಾಕ್ಕೆ ಬಿಗಿಯಾಯಿತು ಅನ್ನಿಸುತ್ತದೆ, ಮ್ಯಾನಿಫೋಲ್ಡ್ ಮಾತ್ರ ಒತ್ತಿ ಕೂತಿರುವುದಿಲ್ಲ.

ಎರಡನೇ ಕಾರಣ ಇನ್ನೂ ಆಳದ್ದು. ಈ ಮ್ಯಾನಿಫೋಲ್ಡ್ ಎರಡು ತುಂಡಿನದು, ನಡುವೆ ಒಂದರೊಳಗೊಂದು ಜಾರುವ ಜೋಡಣೆ, ಅದಕ್ಕೆ ಸೀಲಿಂಗ್ ರಿಂಗು. ಹಿಗ್ಗಲು ಜಾಗ ಇರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಬೀಡು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತದೆ. 700 ಮಿ.ಮೀ. ಉದ್ದದ ಮ್ಯಾನಿಫೋಲ್ಡ್, ನೀರು ತಿರುಗುವ ಹೆಡ್ಡಿಗಿಂತ 350 ಡಿಗ್ರಿ ಹೆಚ್ಚು ಕಾದರೆ, ಹೆಡ್ಡಿಗಿಂತ 2.7 ಮಿ.ಮೀ. ಉದ್ದ ಬೆಳೆಯುತ್ತದೆ. ನಡುವಿನ ಜೋಡಣೆ ಕಾರ್ಬನ್ ಕಟ್ಟಿ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಆ ಹಿಗ್ಗುವಿಕೆಯೆಲ್ಲ ಎರಡು ತುದಿಯ ಬೋಲ್ಟುಗಳ ಮೇಲೆ ಬೀಳುತ್ತದೆ. ಪ್ರತಿ ಸಲ ಕಾದು ಆರಿದಾಗಲೂ ತುದಿಯವನ್ನು ಆಚೆ ಈಚೆ ಎಳೆದಾಡುತ್ತದೆ. ಹೆಚ್ಚು ಗಾಡಿಗಳಲ್ಲಿ ಮೊದಲು ಕೈಕೊಡುವುದು ಒಂದನೇ ಅಥವಾ ಆರನೇ ಸಿಲಿಂಡರಿನ ಬೋಲ್ಟೇ ಆಗಿರುವುದು ಇದರಿಂದಲೇ. ನಮ್ಮ ಮುಂದಿದ್ದ ಜೋಡಣೆ ಕೈಯಲ್ಲಿ ಹಿಡಿದು ತಿರುಚಿದರೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಅದನ್ನು ಗ್ಯಾಸಿನ ಬೆಂಕಿಯಲ್ಲಿ ಸುತ್ತಲೂ ಸಮನಾಗಿ ಕಾಯಿಸಿ, ತಿರುಚಿ ಬಿಡಿಸಿ, ಕಾರ್ಬನ್ ಕೆರೆದು, ಹೊಸ ರಿಂಗು ಹಾಕುವುದರೊಳಗೆ ಒಂಬತ್ತೂವರೆ. ಸುತ್ತಿಗೆ ಏಟು ಬೇಡ, ಬೀಡು ಬಿರಿಯುತ್ತದೆ. ನಂತರ ಎರಡೂ ತುಂಡು ಜೋಡಿಸಿ, ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ಆರನೇ ಪೋರ್ಟಿನ ಬಳಿ 0.35 ಮಿ.ಮೀ. ಸಂದು. 0.2ಕ್ಕಿಂತ ಹೆಚ್ಚು ಬಾಗಿದ್ದರೆ ಹೊಸ ಪ್ಯಾಕಿಂಗ್ ಅದನ್ನು ತುಂಬಲಾರದು, ಬೋಲ್ಟಿನ ಬಲದಿಂದ ಬಗ್ಗಿಸಿ ಕೂರಿಸಲು ಹೋದರೆ ಮತ್ತೆ ಥ್ರೆಡ್ಡೇ ಕಿತ್ತುಬರುತ್ತದೆ. ಸರ್ಫೇಸ್ ಗ್ರೈಂಡಿಂಗಿಗೆ ಕಳಿಸಿ 0.4 ತೆಗೆಸಿದೆವು. ಜೋಡಿಸಿಯೇ ಗ್ರೈಂಡ್ ಮಾಡಿಸಬೇಕು. ತುಂಡುಗಳನ್ನು ಬೇರೆ ಬೇರೆ ಮಾಡಿಸಿದರೆ ಎರಡರ ಮಟ್ಟ ಕೂಡುವುದಿಲ್ಲ.

ಅದು ಲೇತಿನವರ ಹತ್ತಿರ ಇರುವಾಗಲೇ ಜಿಗ್, ಅಂದರೆ ಡ್ರಿಲ್ ಬಿಟ್ಟಿಗೆ ದಾರಿ ತೋರುವ ಅಚ್ಚು, ಮಾಡಿಸಿಕೊಂಡದ್ದು ಈ ಕೆಲಸದ ಜೀವಾಳ. ಕೊರೆಯುವುದು ಯಾರಿಗಾದರೂ ಬರುತ್ತದೆ. ತೊಂಬತ್ತು ಡಿಗ್ರಿಗೆ ನೇರವಾಗಿ, ಇರಬೇಕಾದ ಜಾಗದಲ್ಲೇ ಕೊರೆಯುವುದು ಬರೇ ಕೈಗೆ ಬರುವುದಿಲ್ಲ, ಎಷ್ಟೇ ಪಳಗಿದ ಕೈಯಾಗಲಿ. ಹಳೆಯ ಸೊಟ್ಟ ತೂತು ಬಿಟ್ಟನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಅದಕ್ಕೆ 20 ಮಿ.ಮೀ. ದಪ್ಪದ ಎಂಎಸ್ (ಮೆದು ಉಕ್ಕಿನ) ಪ್ಲೇಟು. ಮ್ಯಾನಿಫೋಲ್ಡಿನ ಮೇಲೇ ಇಟ್ಟು ಗುರುತು ಹಾಕಿಕೊಂಡು, ಪಕ್ಕದ ಐದನೇ ಸಿಲಿಂಡರಿನ ಒಳ್ಳೆಯ ತೂತುಗಳಿಗೆ ಬೋಲ್ಟು ಹಾಕಿ ಕಟ್ಟುವ ಹಾಗೆ ತೂತು. ಕೆಲಸದ ಎರಡು ಜಾಗದಲ್ಲಿ 20 ಮಿ.ಮೀ. ತೂತು, ಅದರೊಳಗೆ ಬದಲಾಯಿಸುವ ಬುಷ್ (ನಡುವೆ ತೂತಿರುವ ಕೊಳವೆ): 10.4, 12.5, ಟ್ಯಾಪುಗಳಿಗೆ 12 ಮತ್ತು 14. ಕೊರೆಯಲೂ ಟ್ಯಾಪ್ ಹೊಡೆಯಲೂ ಒಂದೇ ದಾರಿ, ಹಾಗಾಗಿ ಟ್ಯಾಪ್ ಕೂಡ ಓರೆಯಾಗಲಾರದು. ಲೇತಿಗೆ ಇದು ಒಂದೂವರೆ ಗಂಟೆಯ ಕೆಲಸ. ಇದನ್ನು ಉಳಿಸಲು ಹೋಗಿಯೇ ಹೆಡ್ಡು ಇಳಿಸುವ ಗತಿ ಬರುತ್ತದೆ.

ಪೋರ್ಟುಗಳಿಗೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿ ಶುರು ಮಾಡಿದೆವು. ಬೀಡಿನ ಒಂದು ಚೂರು ಒಳಗೆ ಉಳಿದರೂ ಸ್ಟಾರ್ಟ್ ಆದ ಕ್ಷಣ ಟರ್ಬೊದ ಎಲೆಗಳಿಗೆ ಬಡಿಯುತ್ತದೆ.

ಮೇಲಿನ ತೂತಿಗೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ಡಾಗಿ ಕೂರುವ ತಂತಿಯ ಸುರುಳಿ, ಸಾಕಿತ್ತು. ತಾಮ್ರದ ತಂತಿ ಎಳೆದು ತೆಗೆದು 10.4 ಬಿಟ್ಟಿನಲ್ಲಿ 24 ಮಿ.ಮೀ. ಆಳಕ್ಕೆ ಕೊರೆತ. ಬಿಟ್ಟಿನ ಮೇಲೆ 44ಕ್ಕೆ ಟೇಪು ಸುತ್ತಬೇಕು, ಜಿಗ್ಗಿನ ದಪ್ಪ 20 ಸೇರಿಸಿ. ಹಳೆಯ ಆಳ ದಾಟಿದರೆ ಆಚೆ ನೀರಿನ ಕೋಣೆ ಇರಬಹುದು. ನಂತರ ಹೆಲಿಕಾಯಿಲ್ ಕಿಟ್ಟಿನದೇ ಟ್ಯಾಪು. ಮಾಮೂಲಿ ಎಂ12 ಟ್ಯಾಪು ನೋಡಲು ಹಾಗೇ ಕಂಡರೂ ಅದರ ಪಿಚ್ 1.75, ಇಲ್ಲಿ ಬೇಕಾದದ್ದು 1.5. ಬೀಡಿಗೆ ಎಣ್ಣೆ ಬೇಡ. ಅದರೊಳಗಿನ ಗ್ರಾಫೈಟೇ ಜಾರಿಸುತ್ತದೆ. ಎಣ್ಣೆ ಹಾಕಿದರೆ ಪುಡಿ ಕೆಸರಾಗಿ ಟ್ಯಾಪನ್ನು ಹಿಡಿಯುತ್ತದೆ. ಅಲ್ಯೂಮಿನಿಯಮ್ಮಿಗಾದರೆ ಸೀಮೆಎಣ್ಣೆ ಹಾಕಲೇಬೇಕು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ನಾಲ್ಕೈದು ಸುತ್ತಿಗೊಮ್ಮೆ ಹೊರಗೆ ತೆಗೆದು ಊದಬೇಕು, ಊದುವಾಗ ಕಣ್ಣಿಗೆ ಕನ್ನಡಕ ಇರಲಿ.

15 ಮಿ.ಮೀ. ಉದ್ದದ ಕಾಯಿಲ್ ತಿರುಗಿಸುವಾಗ ಕೆಳಗೆ ಒತ್ತಬಾರದು. ಒತ್ತಿದರೆ ಸುರುಳಿ ಒಂದು ಥ್ರೆಡ್ ಹಾರಿ ಕೂರುತ್ತದೆ, ಆಮೇಲೆ ಬೋಲ್ಟು ನಡುವಿನಲ್ಲಿ ಸಿಕ್ಕಿಬೀಳುತ್ತದೆ. ಮೇಲಿನ ಸುರುಳಿ ಮುಖಕ್ಕಿಂತ ಕಾಲಿನಿಂದ ಅರ್ಧ ಥ್ರೆಡ್ ಕೆಳಗೆ ನಿಲ್ಲಬೇಕು. ಆಮೇಲೆ ಪಂಚಿನಿಂದ ಒಂದೇ ಏಟಿಗೆ ಸುರುಳಿಯ ತಳದ ಕೊಂಡಿ ಮುರಿಯಬೇಕು. ಈ ಚೂರು ಸ್ಟೇನ್‌ಲೆಸ್‌ನದು, ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ. ತಂತಿಯ ತುದಿಗೆ ಗ್ರೀಸ್ ಹಚ್ಚಿ ಎತ್ತಿ, ಕಣ್ಣಾರೆ ನೋಡಿದ ಮೇಲೆ ಮುಂದಿನ ಕೆಲಸ. ಮುಚ್ಚಿದ ತೂತಿನ ತಳದಲ್ಲಿ ಆ ಕೊಂಡಿ ಉಳಿದು ಕೆಲಸ ಕೆಟ್ಟದ್ದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇವೆ.

ಕೆಳಗಿನ ತೂತಿಗೆ ಹೆಲಿಕಾಯಿಲ್ ಆಗದು. ಈಗಾಗಲೇ 11.2 ಅಗಲವಾದ ಜಾಗದಲ್ಲಿ ಅದರ ಥ್ರೆಡ್ಡಿಗೆ ಒಂದು ಪಕ್ಕ ಲೋಹವೇ ಇಲ್ಲ. ಗಟ್ಟಿ ಬುಷ್ ಹಾಕುವುದೇ ದಾರಿ: ಹೊರಗೆ ಎಂ14, ಪಿಚ್ 1.5, ಒಳಗೆ ಎಂ10, ಪಿಚ್ 1.5, ಉದ್ದ 20. ಒಳಗಿನ ಥ್ರೆಡ್ಡನ್ನೂ ಹೊರಗಿನದನ್ನೂ ಲೇತಿನಲ್ಲಿ ಒಂದೇ ಸಲ ಹಿಡಿದು ಮಾಡಿಸಬೇಕು, ಬಿಚ್ಚಿ ಮತ್ತೆ ಹಿಡಿದರೆ ಕೇಂದ್ರ ತಪ್ಪುತ್ತದೆ. ಉಕ್ಕಿನ ಬುಷ್ಷೇ ಸರಿ. ಉಕ್ಕು, ಬೀಡು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಬಿಸಿಗೆ ಸಡಿಲವಾಗುವ ಭಯ ಕಡಿಮೆ.

ಜಿಗ್ಗಿನಲ್ಲಿ 12.5ರ ಬುಷ್ ಕೂರಿಸಿ, ಡ್ರಿಲ್ ಮಷೀನು ನಿಮಿಷಕ್ಕೆ 400 ಸುತ್ತಿನ ಆಸುಪಾಸಿನಲ್ಲಿ ಇಟ್ಟು, 26 ಮಿ.ಮೀ. ಆಳಕ್ಕೆ ಕೊರೆದೆವು. ಮೊದಲ ಏಳೆಂಟು ಮಿ.ಮೀ.ವರೆಗೆ ಡ್ರಿಲ್ ಬಿಟ್ ಒಂದೇ ಪಕ್ಕ ಕಡಿಯುತ್ತಿತ್ತು. ಸದ್ದು ಡಬ್ ಡಬ್ ಅಂತ ಬರುತ್ತದೆ, ಕೈಗೆ ಒದೆತ ಗೊತ್ತಾಗುತ್ತದೆ. ಆಗ ಅವಸರ ಮಾಡಬಾರದು. ಸದ್ದು ಸಮವಾಯಿತು ಅಂದರೆ ತೂತು ಗುಂಡಗಾಯಿತು ಅಂತ. ಟ್ಯಾಪಿನ ಸೆಟ್ಟಿನಲ್ಲಿ ಮೊದಲು ಚೂಪಾದದ್ದು, ಕೊನೆಗೆ ತುದಿ ಮೊಂಡಾದದ್ದು. ಎರಡನೆಯದಿಲ್ಲದೆ ಮುಚ್ಚಿದ ತೂತಿನ ತಳದವರೆಗೆ ಥ್ರೆಡ್ ಬೀಳದು.

ಬುಷ್ಷನ್ನು ಮುಖಕ್ಕಿಂತ ಅರ್ಧ ಮಿ.ಮೀ. ಕೆಳಗೆ ನಿಲ್ಲಿಸಿದೆವು. ಎದ್ದು ನಿಂತರೆ ಪ್ಯಾಕಿಂಗ್ ಅಲ್ಲೇ ಮೇಲೇಳುತ್ತದೆ. ಅಂಟಿನ ಮೇಲೆ ಭಾರ ಹಾಕಬೇಡಿ. ಸಾಮಾನ್ಯ ಥ್ರೆಡ್‌ಲಾಕರ್ 150 ಡಿಗ್ರಿ ಸುಮಾರಿಗೆ ಬಿಟ್ಟುಬಿಡುತ್ತದೆ. ಬುಷ್ ಮತ್ತು ಹೆಡ್ಡು ಸೇರುವ ಗೆರೆಯ ಮೇಲೆ ಮೂರು ಕಡೆ ಸೆಂಟರ್ ಪಂಚ್ ಏಟು ಕೊಟ್ಟರೆ ತಿರುಗಿ ಬರುವುದಿಲ್ಲ. ಎಪಾಕ್ಸಿ ಅಂಟು ತುಂಬಿ ಟ್ಯಾಪ್ ಹೊಡೆಯುವವರಿದ್ದಾರೆ. ಎಕ್ಸಾಸ್ಟಿನ ಬಿಸಿಗೆ ಅದು ಉಳಿಯದು.

ಸರಿ ಮಾಡಿದ ಎರಡೂ ತೂತಿಗೆ ಬೋಲ್ಟಿನ ಬದಲು 55 ಮಿ.ಮೀ. ಸ್ಟಡ್ (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಸರಳು) ಹಾಕಿದೆವು, 17 ಮಿ.ಮೀ. ಒಳಗೆ. ಮುಂದೆ ಬಿಚ್ಚಿ ಹಾಕುವಾಗ ಸವೆಯುವುದು ಸ್ಟಡ್ಡಿನ ಹೊರಗಿನ ಥ್ರೆಡ್, ತೂತಿನದಲ್ಲ. ಉಳಿದ ಹತ್ತು ತೂತುಗಳಿಗೆ ಟ್ಯಾಪ್ ಓಡಿಸಿ ಮಸಿ ತೆಗೆದು, 8.8 ಗ್ರೇಡಿನ ಹೊಸ 40ರ ಬೋಲ್ಟು. ಅಂಗಡಿಯಲ್ಲಿ ತೂಕಕ್ಕೆ ಸಿಗುವ ಮಾರ್ಕ್ ಇಲ್ಲದ ಬೋಲ್ಟು ಈ ಜಾಗಕ್ಕೆ ಬೇಡವೇ ಬೇಡ.

ಪ್ಯಾಕಿಂಗ್ ಲೋಹದ್ದು, ಹೊಸದು, ಒಣಗಿಯೇ ಹಾಕಿದ್ದು. ಸಿಲಿಕೋನ್ ಪೇಸ್ಟ್ ಈ ಬಿಸಿಗೆ ಸುಟ್ಟು ಪುಡಿಯಾಗುತ್ತದೆ. ಬಿಗಿಯುವುದು ನಡುವಿನಿಂದ ಎರಡೂ ತುದಿಗೆ, ಮೂರು ಸುತ್ತಿನಲ್ಲಿ. ಆ ಎಂಜಿನ್ನಿಗೆ ಹೇಳಿದ್ದು 45 ನ್ಯೂಟನ್ ಮೀಟರ್, ಅದು ಒಣ ಥ್ರೆಡ್ಡಿಗೆ. ತುಕ್ಕು ಹಿಡಿಯದಿರಲಿ ಅಂತ ಕಾಪರ್ ಪೇಸ್ಟ್ ಹಚ್ಚಿದ್ದರಿಂದ ಐದರಲ್ಲಿ ಒಂದು ಪಾಲು ಇಳಿಸಿ 36ಕ್ಕೆ ನಿಲ್ಲಿಸಿದೆವು. ಪೇಸ್ಟ್ ಹಚ್ಚಿ ಪೂರ್ತಿ 45 ಕೊಟ್ಟರೆ ಬೋಲ್ಟಿನ ಮೇಲೆ ಬೀಳುವ ಎಳೆತ ಲೆಕ್ಕಕ್ಕಿಂತ ಬಹಳ ಹೆಚ್ಚಾಗುತ್ತದೆ.

ಟರ್ಬೊದ ಆಯಿಲ್ ಪೈಪು ಕಟ್ಟಿ, ಡೀಸೆಲ್ ಬಂದ್ ಮಾಡಿ, ಆಯಿಲ್ ಪ್ರೆಶರ್ ಏರುವವರೆಗೆ ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್. ಸಂಜೆ ಐದೂವರೆಗೆ ತಣ್ಣನೆಯ ಎಂಜಿನ್ ಚಿಟ್ ಅನ್ನದೆ ಎದ್ದಿತು. ಮತ್ತೆ ಸೋಪು ನೀರು, ಗುಳ್ಳೆ ಇಲ್ಲ. ಅರ್ಧ ಗಂಟೆ ಓಡಿಸಿ ಕಾಯಿಸಿ, ಎಂಜಿನ್ ಸುತ್ತಲಿನ ಹುಲ್ಲು ಧೂಳನ್ನೆಲ್ಲ ಗಾಳಿ ಬಿಟ್ಟು ಊದಿದೆವು.

ಡ್ರೈವರ್ ಅಂದೇ ರಾತ್ರಿ ಹೊರಡಲು ತಯಾರಿದ್ದ. ಬೇಡ ಅಂದೆವು. ಹೊಸ ಪ್ಯಾಕಿಂಗ್ ಒಮ್ಮೆ ಕಾದು ಆರಿದ ಮೇಲೆ ಕೂರುತ್ತದೆ, ಬೋಲ್ಟು ಅಷ್ಟು ಸಡಿಲವಾಗುತ್ತದೆ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಟಾರ್ಕ್ ರೆಂಚ್ ಇಟ್ಟರೆ ಹನ್ನೆರಡರಲ್ಲಿ ಏಳು ಸ್ವಲ್ಪ ಸ್ವಲ್ಪ ತಿರುಗಿದವು, ಹೆಚ್ಚೆಂದರೆ ಎಂಟನೇ ಒಂದು ಸುತ್ತು. ಆರನೇ ಸಿಲಿಂಡರಿನ ಸ್ಟಡ್ಡುಗಳ ನಟ್ಟು ಎರಡೂ ಇದ್ದಲ್ಲೇ 36ಕ್ಕೆ ಕ್ಲಿಕ್ ಅಂದವು. ಬಿಸಿಲು ಏರಿ ಭತ್ತದ ಮೇಲಿನ ಇಬ್ಬನಿ ಆರುವ ಹೊತ್ತಿಗೆ ಗಾಡಿ ಕಾರಟಗಿ ದಾರಿ ಹಿಡಿಯಿತು.